ತೈಲದ ಷೇರು: ಎಲ್ಲಾ ಮಾಡುವ ಕಂಪನಿಯದ್ದೋ, ಬರೀ ತೈಲ ತೆಗೆಯುವವರದ್ದೋ?

ದೊಡ್ಡ ತೈಲ ಕಂಪನಿಗಳೆಲ್ಲ ಒಂದೇ ಅಲ್ಲ. ಎಕ್ಸಾನ್‌ಮೊಬಿಲ್, ಶೆವ್ರಾನ್ ತೈಲ ತೆಗೆಯುತ್ತವೆ, ಸಂಸ್ಕರಿಸುತ್ತವೆ, ಮಾರುತ್ತವೆ. ಕೊನೊಕೊಫಿಲಿಪ್ಸ್ 2012ರಲ್ಲಿ ರಿಫೈನರಿಗಳನ್ನು ಬೇರೆ ಕಂಪನಿ ಮಾಡಿ, ತೈಲ ಮತ್ತು ಅನಿಲ ತೆಗೆಯುವ ಕೆಲಸ ಮಾತ್ರ ಉಳಿಸಿಕೊಂಡಿತು.

ಮೊದಲು ಏರಿಳಿತ ನೋಡಿ. ಕಚ್ಚಾ ತೈಲ ದುಬಾರಿಯಾದರೆ ಬರೀ ತೆಗೆಯುವವರ ಲಾಭ ಜಾಸ್ತಿ ಜಿಗಿಯುತ್ತದೆ. ಬಿದ್ದರೆ ಪೆಟ್ಟೂ ನೇರ. ರಿಫೈನರಿ ಇರುವವರಿಗೆ ಅಗ್ಗದ ಕಚ್ಚಾ ತೈಲ ಕೆಲವೊಮ್ಮೆ ಅನುಕೂಲವೇ. 2020ರ ಏಪ್ರಿಲ್ 20ರಂದು ಅಂತೂ ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ (ಮುಂದೆ ಕೊಡುವ ಮಾಲಿಗೆ ಈಗಲೇ ಬೆಲೆ ಕಟ್ಟುವ ಒಪ್ಪಂದ) ಬೆಲೆ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್ ಆಗಿತ್ತು. ಮಾಲು ತಗೊಳ್ಳಿ, ದುಡ್ಡೂ ತಗೊಳ್ಳಿ ಅಂದ ಹಾಗೆ!

ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಲಾಭದ ಪಾಲು? ಕೊನೊಕೊ 2016ರಲ್ಲಿ ಕಡಿತ ಮಾಡಿತು. ಹಾಗಂತ ಎಲ್ಲಾ ಮಾಡುವವರದ್ದು ಗ್ಯಾರಂಟಿ ಅಲ್ಲ. ಶೆಲ್ 2020ರಲ್ಲಿ ಕತ್ತರಿ ಹಾಕಿತು, ಎರಡನೇ ಮಹಾಯುದ್ಧದ ನಂತರ ಮೊದಲ ಸಲ. ಎಕ್ಸಾನ್, ಶೆವ್ರಾನ್ ಆ ವರ್ಷ ಕತ್ತರಿಸಲಿಲ್ಲ.

ಪಿಇ (ಷೇರಿನ ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) ಕಡಿಮೆ ಅಂತ ಸುಮ್ನೆ ಕೊಳ್ಳಬೇಡಿ. ತೈಲ ದುಬಾರಿಯಾದ ವರ್ಷ ಲಾಭ ಉಬ್ಬಿ, ಷೇರು ಅಗ್ಗವಾಗಿ ಕಾಣುತ್ತದೆ, ಅಷ್ಟೇ.

ಡಿವಿಡೆಂಡ್ ನಂಬಿಕೊಂಡಿದ್ದರೆ ಎಲ್ಲಾ ಮಾಡುವವರು ವಾಸಿ. ಷೇರು ಅರ್ಧಕ್ಕೆ ಬಿದ್ದರೂ ನಿದ್ದೆ ಬರುತ್ತದೆ, ತೈಲ ಏರುತ್ತದೆಂಬ ನಂಬಿಕೆಯೂ ಇದೆ ಅಂದರೆ ಬರೀ ತೆಗೆಯುವವರು. ಮೂರು ವರ್ಷದೊಳಗೆ ಬೇಕಾಗುವ ದುಡ್ಡಾದರೆ ಎರಡೂ ಬೇಡ.