ರಾತ್ರಿಯ ಸೋರಿಕೆಗೆ ಯಾವ ಡೈಪರ್? ಪ್ಯಾಂಟ್ ಮಾದರಿ ಮತ್ತು ಬಟ್ಟೆ ಡೈಪರ್‌ಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ನಮ್ಮ ಮಗನಿಗೆ ಎರಡೂವರೆ ವರ್ಷ ದಾಟಿದೆ. ಅವನು ನಡೆಯಲು ಕಲಿತ ಕಾಲದಿಂದ ಇಂದಿನವರೆಗೆ ರಾತ್ರಿಯ ಹೊತ್ತಿಗೆ ಎರಡು ಬಗೆಯ ಡೈಪರ್‌ಗಳನ್ನು ಬಳಸುತ್ತ ಬಂದಿದ್ದೇವೆ. ಒಂದು, ಒಮ್ಮೆ ಬಳಸಿ ಎಸೆಯುವ ಪ್ಯಾಂಟ್ ಮಾದರಿಯದು. ಇನ್ನೊಂದು, ಒಗೆದು ಮತ್ತೆ ಬಳಸುವ ಬಟ್ಟೆಯದು. ಹಗಲಿನ ಬಳಕೆಯನ್ನು ಈ ವಿಮರ್ಶೆಯಲ್ಲಿ ಸೇರಿಸಿಲ್ಲ, ಏಕೆಂದರೆ ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸುವುದಾದರೆ ಮಾರುಕಟ್ಟೆಯಲ್ಲಿರುವ ಹೆಚ್ಚಿನ ಡೈಪರ್‌ಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತವೆ. ಮಗು ಹತ್ತು ಗಂಟೆ ಒಂದೇ ಡೈಪರ್‌ನಲ್ಲಿ ಮಲಗಬೇಕಾದಾಗ ಮಾತ್ರ ಅವುಗಳ ನಿಜವಾದ ಗುಣ ತಿಳಿಯುತ್ತದೆ. ಮಗುವನ್ನು ಅಪ್ಪ ಅಮ್ಮನ ನಡುವೆ ಮಲಗಿಸಿಕೊಳ್ಳುವ ನಮ್ಮಂಥ ಮನೆಗಳಲ್ಲಿ ಬೆಳಗಿನ ಜಾವದ ಒಂದು ಸೋರಿಕೆ ಮೂವರ ನಿದ್ದೆಯನ್ನೂ ಕೆಡಿಸುತ್ತದೆ, ಮತ್ತು ಹತ್ತಿಯ ಹಾಸಿಗೆ ಒಳಗಿನವರೆಗೆ ನೆನೆದರೆ ಒಂದು ದಿನದ ಬಿಸಿಲು ಅದಕ್ಕೆ ಸಾಲುವುದಿಲ್ಲ.

ಸೋರಿದ ಕೂಡಲೇ ಎಲ್ಲರಿಗೂ ಬರುವ ಮೊದಲ ಯೋಚನೆ ಡೈಪರ್ ತುಂಬಿಹೋಗಿದೆ ಎಂಬುದು, ಎರಡನೆಯದು ಕಂಪನಿಯನ್ನು ಬದಲಾಯಿಸಬೇಕು ಎಂಬುದು. ಇಷ್ಟು ಕಾಲದ ಬಳಕೆಯಲ್ಲಿ ನಾನು ಕಂಡುಕೊಂಡದ್ದು ಬೇರೆ. ಸೋರಿದ ಬೆಳಗ್ಗೆ ಡೈಪರನ್ನು ಬಿಚ್ಚಿ ಕೈಯಿಂದ ಒತ್ತಿ ನೋಡಿದಾಗ ಮುಂಭಾಗ ಕಲ್ಲಿನಂತೆ ಬಿಗಿದುಕೊಂಡಿರುತ್ತಿತ್ತು, ಹಿಂಭಾಗದ ಅರ್ಧಕ್ಕಿಂತ ಹೆಚ್ಚು ಪಾಲು ಒಣಗಿಯೇ ಇರುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೂ ಅದೇ ಕಾಣುತ್ತಿತ್ತು: ಸೋರದೆ ಉಳಿದ ಕೆಲವು ರಾತ್ರಿಗಳ ಡೈಪರ್‌ಗಳು ಸೋರಿದ ರಾತ್ರಿಯವಕ್ಕಿಂತ ಹೆಚ್ಚು ಭಾರವಾಗಿದ್ದವು. ಹಾಗಿದ್ದ ಮೇಲೆ ಕೊರತೆ ಒಟ್ಟು ಹಿಡಿಯುವ ಪ್ರಮಾಣದಲ್ಲಿ ಇರಲಿಲ್ಲ. ಒಂದೇ ಜಾಗಕ್ಕೆ ಒಮ್ಮೆಲೇ ಬಂದು ಬೀಳುವ ಮೂತ್ರವನ್ನು ಆ ಜಾಗ ಅಷ್ಟೇ ವೇಗವಾಗಿ ಹೀರಿಕೊಳ್ಳಲಾಗದೆ ಇರುವುದರಲ್ಲಿತ್ತು.

ಇದಕ್ಕೆ ಕಾರಣ ಡೈಪರ್‌ನ ಒಳಗಿನ ರಚನೆಯಲ್ಲಿದೆ. ಪ್ಯಾಂಟ್ ಮಾದರಿಯ ಪ್ಯಾಡಿನಲ್ಲಿ ಮರದ ತಿರುಳಿನ ನಾರಿನ ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪಾಲಿಮರ್‌ನ ಸಣ್ಣ ಹರಳುಗಳಿರುತ್ತವೆ. ಶುದ್ಧ ನೀರನ್ನಾದರೆ ಇವು ತಮ್ಮ ತೂಕದ ನೂರಾರು ಪಟ್ಟು ಹೀರಬಲ್ಲವು. ಮೂತ್ರದಲ್ಲಿ ಲವಣವಿರುವುದರಿಂದ ಅದು 30ರಿಂದ 50 ಪಟ್ಟಿಗೆ ಇಳಿಯುತ್ತದೆ. ಹೀರಿದ ಹರಳು ಉಬ್ಬಿ ಜೆಲ್ ಆಗುತ್ತದೆ, ಮತ್ತು ಪಕ್ಕಪಕ್ಕದ ಹರಳುಗಳೆಲ್ಲ ಒಟ್ಟಿಗೆ ಉಬ್ಬಿಕೊಂಡಾಗ ಅವುಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಬರುವ ದ್ರವಕ್ಕೆ ಪ್ಯಾಡಿನ ಒಣ ಭಾಗದವರೆಗೆ ಹೋಗಲು ದಾರಿಯಿರುವುದಿಲ್ಲ, ಅದು ಹತ್ತಿರದ ತೊಡೆಯ ಸಂದಿಯನ್ನೋ ಸೊಂಟದ ಪಟ್ಟಿಯನ್ನೋ ಹುಡುಕಿಕೊಂಡು ಹೊರಗೆ ಬರುತ್ತದೆ. ಮಕ್ಕಳ ಮೂತ್ರಕೋಶ ಹಿಡಿಯುವ ಪ್ರಮಾಣವನ್ನು ಅಂದಾಜಿಸಲು ವೈದ್ಯರು ವಯಸ್ಸಿಗೆ ಎರಡನ್ನು ಕೂಡಿಸಿ 30ರಿಂದ ಗುಣಿಸುತ್ತಾರೆ. ಆ ಲೆಕ್ಕದಲ್ಲಿ ಎರಡು ವರ್ಷದ ಮಗುವಿಗೆ ಅದು ಸುಮಾರು 120 ಮಿಲಿಲೀಟರ್ ಆಗುತ್ತದೆ. ಕೈಗೂಸು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಒದ್ದೆ ಮಾಡಿಕೊಳ್ಳುತ್ತಿದ್ದರೆ, ಈ ವಯಸ್ಸಿನ ಮಗು ಗಾಢ ನಿದ್ದೆಯಲ್ಲಿ ಅಷ್ಟನ್ನೂ ಒಂದೇ ಸಲಕ್ಕೆ ಬಿಡಬಲ್ಲದು. ಮೊದಲ ವರ್ಷದಲ್ಲಿ ಒಮ್ಮೆಯೂ ಸೋರದಿದ್ದ ಡೈಪರ್ ಎರಡನೆಯ ವರ್ಷದಲ್ಲಿ ಸೋರತೊಡಗುವುದು ಇದರಿಂದಲೇ ಎಂದು ನನಗೆ ಮನವರಿಕೆಯಾಗಿದೆ. ಪೊಟ್ಟಣದ ಮೇಲಿನ ‘12 ಗಂಟೆ’ ಎಂಬ ಮಾತು ಒಟ್ಟು ಪ್ರಮಾಣದ ಬಗ್ಗೆ ನಿಜವಿರಬಹುದು. ಆದರೆ ನಸುಕಿನ ನಾಲ್ಕು ಗಂಟೆಗೆ, ಅದಾಗಲೇ ಉಬ್ಬಿರುವ ಜಾಗದ ಮೇಲೆ, ಎರಡನೆಯ ಬಾರಿ ಬೀಳುವ ಮೂತ್ರದ ಬಗ್ಗೆ ಅದು ಏನನ್ನೂ ತಿಳಿಸುವುದಿಲ್ಲ.

ಪ್ಯಾಂಟ್ ಮಾದರಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಅಳತೆಯ ಬದಲಾವಣೆ. ನಮ್ಮಲ್ಲಿ ಸಿಗುವ ಹೆಚ್ಚಿನ ಪೊಟ್ಟಣಗಳ ಮೇಲೆ ಎಲ್ ಅಳತೆಗೆ 9ರಿಂದ 14 ಕಿಲೋ ಎಂದೂ ಎಕ್ಸ್‌ಎಲ್ ಅಳತೆಗೆ 12ರಿಂದ 17 ಕಿಲೋ ಎಂದೂ ಬರೆದಿರುತ್ತದೆ. ಹನ್ನೆರಡರಿಂದ ಹದಿನಾಲ್ಕು ಕಿಲೋ ನಡುವಿನ ಮಗುವಿಗೆ ಎರಡೂ ಹೊಂದುವುದರಿಂದ ಹಗಲಿಗೆ ಎಲ್, ರಾತ್ರಿಗೆ ಎಕ್ಸ್‌ಎಲ್ ಎಂದು ಬೇರೆಬೇರೆ ಪೊಟ್ಟಣಗಳನ್ನು ಇಟ್ಟುಕೊಳ್ಳುವುದು ಯೋಗ್ಯ. ದೊಡ್ಡ ಅಳತೆಯಲ್ಲಿ ಪ್ಯಾಡ್ ಉದ್ದವಾಗಿರುತ್ತದೆ, ಹೊಕ್ಕುಳಿನ ಸಮೀಪದವರೆಗೆ ಬರುತ್ತದೆ, ಮೂತ್ರ ಬೀಳುವ ಜಾಗದಲ್ಲಿ ಹೀರುವ ವಸ್ತುವೂ ಹೆಚ್ಚಿರುತ್ತದೆ. ಇದಕ್ಕೊಂದು ಮಿತಿಯಿದೆ. ಮಗುವಿನ ತೊಡೆ ಸಣ್ಣದಾಗಿದ್ದು ಎಲಾಸ್ಟಿಕ್‌ಗೂ ಚರ್ಮಕ್ಕೂ ನಡುವೆ ಬೆರಳು ಸಲೀಸಾಗಿ ಆಡುವಷ್ಟು ಜಾಗ ಉಳಿದರೆ ದೊಡ್ಡ ಅಳತೆಯಿಂದ ಹಾನಿಯೇ ಹೆಚ್ಚು. ಬೆಳಗ್ಗೆ ತೊಡೆಯ ಮೇಲೆ ಆಳವಾದ ಕೆಂಪು ಗೆರೆ ಉಳಿದಿದ್ದರೆ ಅಳತೆ ಚಿಕ್ಕದಾಗಿದೆ ಎಂದು ತಿಳಿಯಬೇಕು.

ಅಳತೆಯ ನಂತರ ಗಮನ ಬೇಕಾದದ್ದು ಹಾಕುವ ಕ್ರಮಕ್ಕೆ. ತೊಡೆಯ ಬಳಿ ಹೊರಗಿನ ಎಲಾಸ್ಟಿಕ್ ಅಲ್ಲದೆ ಒಳಗೂ ಒಂದು ತೆಳುವಾದ ಅಂಚು ನಿಂತಿರುತ್ತದೆ. ಅದು ಒಳಕ್ಕೆ ಮಡಚಿಕೊಂಡಿದ್ದರೆ ಎಷ್ಟೇ ಬೆಲೆಯ ಡೈಪರ್ ಆದರೂ ಸೋರುತ್ತದೆ. ಆದ್ದರಿಂದ ಹಾಕಿದ ಮೇಲೆ ಎರಡೂ ತೊಡೆಗಳ ಸುತ್ತ ಒಮ್ಮೆ ಬೆರಳಾಡಿಸಿ ಅಂಚನ್ನು ಹೊರಕ್ಕೆ ನಿಲ್ಲಿಸಬೇಕು. ಗಂಡುಮಗುವಾದರೆ ಶಿಶ್ನವನ್ನು ಕೆಳಮುಖವಾಗಿ ಇರಿಸಿಯೇ ಡೈಪರ್ ಏರಿಸಬೇಕು, ಇಲ್ಲವಾದರೆ ಮೂತ್ರ ನೇರವಾಗಿ ಸೊಂಟದ ಪಟ್ಟಿಗೆ ಚಿಮ್ಮುತ್ತದೆ. ಬಹಳ ಮನೆಗಳಲ್ಲಿ ಗಮನಕ್ಕೆ ಬಾರದ ಇನ್ನೊಂದು ಕಾರಣ ಬನಿಯನ್. ಹೊಟ್ಟೆಗೆ ತಂಡಿಯಾಗಬಾರದೆಂದು ಬನಿಯನ್ನಿನ ಅಂಚನ್ನು ಡೈಪರ್‌ನೊಳಗೆ ತುರುಕಿ ಮಲಗಿಸುವ ರೂಢಿ ನಮ್ಮ ಹಿರಿಯರಲ್ಲಿದೆ. ಆ ಹತ್ತಿಯ ಅಂಚು ಒಳಗಿನ ಒದ್ದೆಯನ್ನು ದೀಪದ ಬತ್ತಿಯಂತೆ ಮೇಲಕ್ಕೆಳೆಯುತ್ತದೆ, ಮತ್ತು ಬೆಳಗ್ಗೆ ಎದೆಯವರೆಗೂ ಒದ್ದೆಯಾದ ಬನಿಯನ್ ನೋಡಿದವರು ದೂರುವುದು ಡೈಪರನ್ನು. ನನ್ನ ಅತ್ತೆಯವರಿಗೆ ಇದನ್ನು ತೋರಿಸಿಕೊಟ್ಟ ಮೇಲೆ ಅವರು ಬನಿಯನ್ ಹೊರಗೇ ಬಿಟ್ಟು ಮೇಲೊಂದು ಚಡ್ಡಿ ಹಾಕತೊಡಗಿದರು. ಆ ಬಗೆಯ ಸೋರಿಕೆ ಅಲ್ಲಿಗೆ ನಿಂತಿತು.

ಇಷ್ಟೆಲ್ಲ ಮಾಡಿದರೂ ಬೋರಲು ಮಲಗುವ ಮಗುವಿಗೆ ಪ್ಯಾಂಟ್ ಮಾದರಿ ಪೂರ್ತಿ ಸಾಲದು ಎಂಬುದು ನನ್ನ ಅಭಿಪ್ರಾಯ. ಅಂಗಾತ ಮಲಗುವ ಮಗುವಿನ ಮೂತ್ರ ಹಿಂದಕ್ಕೆ ಹರಿದು ಪ್ಯಾಡಿನ ದೊಡ್ಡ ಭಾಗಕ್ಕೆ ಹಂಚಿಹೋಗುತ್ತದೆ. ಬೋರಲು ಮಲಗುವವನದು ಮುಂದಿನ ಅಂಗೈಯಗಲದ ಜಾಗದಲ್ಲೇ ನಿಲ್ಲುತ್ತದೆ, ಜೊತೆಗೆ ದೇಹದ ಭಾರವೂ ಅಲ್ಲೇ ಬೀಳುತ್ತದೆ. ಅಮೆರಿಕದಲ್ಲಿರುವ ನನ್ನ ತಂಗಿ ಅಲ್ಲಿ ರಾತ್ರಿಗೆಂದೇ ಮಾರುವ ಹಗ್ಗೀಸ್ ಓವರ್‌ನೈಟ್ಸ್ ಬಳಸುತ್ತಾಳೆ. ಡೈಪರ್‌ನೊಳಗೆ ಇಡುವ ಹೆಚ್ಚುವರಿ ಪ್ಯಾಡ್‌ಗಳೂ ಅಲ್ಲಿ ಸುಲಭವಾಗಿ ದೊರೆಯುತ್ತವೆ. ಇಲ್ಲಿ ಅದಕ್ಕೆ ಬದಲಾಗಿ ಕೆಲವರು ಸ್ಯಾನಿಟರಿ ಪ್ಯಾಡ್ ಇಡಲು ಸಲಹೆ ಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಅದರ ಅಡಿಯಲ್ಲಿ ನೀರು ದಾಟದ ಪದರವಿರುವುದರಿಂದ ತುಂಬಿದ ಮೇಲೆ ದ್ರವ ಕೆಳಗಿನ ಡೈಪರ್‌ಗೆ ಇಳಿಯದೆ ಪಕ್ಕಕ್ಕೆ ಹರಿಯುತ್ತದೆ.

ಈ ಕೊರತೆಯನ್ನು ತುಂಬಿದ್ದು ಬಟ್ಟೆ ಡೈಪರ್. ಹೀರುವ ವಸ್ತುವನ್ನು ನಮಗೆ ಬೇಕಾದ ಜಾಗದಲ್ಲಿ ಬೇಕಾದಷ್ಟು ಹೆಚ್ಚಿಸಿಕೊಳ್ಳಬಹುದು ಎಂಬ ಒಂದೇ ಅನುಕೂಲಕ್ಕಾಗಿ ರಾತ್ರಿಗೆ ನಾನು ಇದನ್ನು ಮೇಲಿನ ಸ್ಥಾನದಲ್ಲಿ ಇಡುತ್ತೇನೆ. ಹೊರಗೆ ಪಾಲಿಯುರೆಥೇನ್ ಲೇಪವಿರುವ, ಗುಂಡಿಗಳಿಂದ ಅಳತೆ ಹೊಂದಿಸಬಹುದಾದ ಹೊದಿಕೆ, ಒಳಗೆ ಪ್ಯಾಡ್. ಇದರ ಯಶಸ್ಸೆಲ್ಲ ಪ್ಯಾಡಿನ ಬಟ್ಟೆಯ ಆಯ್ಕೆಯಲ್ಲಿದೆ. ಕಡಿಮೆ ಬೆಲೆಯ ಹೊದಿಕೆಗಳ ಜೊತೆ ಸಾಮಾನ್ಯವಾಗಿ ಬರುವುದು ಮೈಕ್ರೋಫೈಬರ್ ಪ್ಯಾಡ್. ಅದು ಬಹಳ ಬೇಗ ಹೀರುತ್ತದೆ, ಆದರೆ ಹಿಡಿದಿಟ್ಟುಕೊಳ್ಳುವುದಿಲ್ಲ; ಮಗು ಅದರ ಮೇಲೆ ಮಗ್ಗುಲಾದರೆ ಹಿಂಡಿದ ಹಾಗೆ ಹೊರಗೆ ಬರುತ್ತದೆ. ಸೆಣಬಿನಂಥ ಹೆಂಪ್ ನಾರು ಮತ್ತು ಹತ್ತಿ ಬೆರೆಸಿ ನೇಯ್ದ ಪ್ಯಾಡ್ ಇದಕ್ಕೆ ವಿರುದ್ಧ ಸ್ವಭಾವದ್ದು. ಹೀರುವುದು ನಿಧಾನ, ಹೀರಿದ್ದನ್ನು ಒತ್ತಡದಲ್ಲೂ ಬಿಡುವುದಿಲ್ಲ. ಆದ್ದರಿಂದ ಬೇಗ ಹೀರುವ ಪ್ಯಾಡ್ ಮೇಲೆ, ಹಿಡಿದಿಡುವ ಪ್ಯಾಡ್ ಕೆಳಗೆ ಎಂಬ ಜೋಡಣೆಯೇ ಸರಿ. ಮೈಕ್ರೋಫೈಬರ್ ಚರ್ಮವನ್ನು ಒಣಗಿಸಿ ಒರಟಾಗಿಸುವುದರಿಂದ ಅದರ ಮೇಲೆ ಇನ್ನೊಂದು ಮೃದುವಾದ ಪದರ ಕಡ್ಡಾಯವಾಗಿ ಇರಬೇಕು.

ಮೂರನೆಯ ಪದರವಾಗಿ ನಾನು ಬಳಸುವುದು ಹಳೆಯ ಹತ್ತಿಯ ಪಂಚೆ. ವರ್ಷಗಟ್ಟಲೆ ಒಗೆದು ಮೆತ್ತಗಾದ ಪಂಚೆಯ ತುಂಡು ಹೊಸ ಬಟ್ಟೆಗಿಂತ ಎಷ್ಟೋ ಚೆನ್ನಾಗಿ ಹೀರುತ್ತದೆ. ಇದಕ್ಕೆ ಕಾರಣವೂ ಸ್ಪಷ್ಟ: ಹೊಸ ಹತ್ತಿ ಮತ್ತು ಹೆಂಪ್ ನಾರಿನಲ್ಲಿ ಸಹಜವಾದ ಎಣ್ಣೆ ಮೇಣದ ಅಂಶವಿದ್ದು, ಹಲವು ಬಾರಿ ಒಗೆದ ಮೇಲೆಯೇ ಅದು ಹೋಗಿ ನಾರು ತನ್ನ ಪೂರ್ಣ ಸಾಮರ್ಥ್ಯಕ್ಕೆ ಬರುತ್ತದೆ. ಪೊಟ್ಟಣದಿಂದ ತೆಗೆದ ದಿನವೇ ಹೊಸ ಪ್ಯಾಡನ್ನು ರಾತ್ರಿಗೆ ಕಟ್ಟಿ ಸೋರಿತೆಂದು ಹಿಂದಿರುಗಿಸುವವರು ಈ ಅಂಶವನ್ನು ಪರಿಗಣಿಸಬೇಕು. ಪಂಚೆಯ ತುಂಡನ್ನು ಉದ್ದಕ್ಕೆ ಮಡಚಿ, ಬೋರಲು ಮಲಗುವ ನಮ್ಮ ಮಗನಿಗೆ ಅದರ ದಪ್ಪ ತುದಿ ಮುಂಭಾಗಕ್ಕೆ ಬರುವಂತೆ ಇಡುತ್ತೇನೆ. ಹೆಣ್ಣುಮಗುವಿಗಾದರೆ ನಡುವಿನಿಂದ ಹಿಂದಕ್ಕೆ ಇಡುವುದು ಸೂಕ್ತ. ಪ್ಯಾಡಿನ ಅಂಚು ಹೊದಿಕೆಯಿಂದ ಒಂದು ಎಳೆಯಷ್ಟೂ ಹೊರಗಿಣುಕಬಾರದು. ಇಣುಕಿದರೆ ಬನಿಯನ್ನಿನ ಸಮಸ್ಯೆ ಇಲ್ಲಿಯೂ ಮರುಕಳಿಸುತ್ತದೆ.

ಚೆನ್ನಾಗಿ ಕೆಲಸ ಮಾಡುತ್ತಿದ್ದ ಬಟ್ಟೆ ಡೈಪರ್ ಕೆಲವು ತಿಂಗಳ ನಂತರ ಇದ್ದಕ್ಕಿದ್ದಂತೆ ಸೋರತೊಡಗಿದರೆ ಕಾರಣವನ್ನು ಒಗೆಯುವ ಕಲ್ಲಿನ ಬಳಿ ಹುಡುಕಬೇಕು. ಬೆಂಗಳೂರಿನ ನಮ್ಮ ಬಡಾವಣೆಗೆ ಬರುವುದು ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಸೋಪು ಸರಿಯಾಗಿ ಕರಗದೆ ನಾರಿನ ಮೇಲೆ ಪದರವಾಗಿ ಕೂರುತ್ತದೆ, ಕ್ರಮೇಣ ಪ್ಯಾಡ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಪರೀಕ್ಷಿಸುವುದು ಸುಲಭ: ಒಣ ಪ್ಯಾಡಿನ ಮೇಲೆ ಕೆಲವು ಹನಿ ನೀರು ಬಿಟ್ಟರೆ ಅದು ಮುತ್ತುಗಟ್ಟಿ ನಿಲ್ಲಬಾರದು. ನಿಂತರೆ ಸೋಪಿಲ್ಲದ ಬಿಸಿನೀರಿನಲ್ಲಿ ನೊರೆ ನಿಲ್ಲುವವರೆಗೆ ಜಾಲಿಸಬೇಕು. ಬಟ್ಟೆ ಮೃದುವಾಗಿಸುವ ಪರಿಮಳದ ದ್ರಾವಣವನ್ನು ಇವಕ್ಕೆ ಯಾವತ್ತೂ ಬಳಸಬಾರದು. ಕೊಬ್ಬರಿ ಎಣ್ಣೆಯೂ ಜಿಂಕ್ ಆಕ್ಸೈಡ್ ಮುಲಾಮೂ ಇದೇ ತೊಂದರೆ ಕೊಡುತ್ತವೆ; ಮುಲಾಮು ಹಚ್ಚಬೇಕಾದ ರಾತ್ರಿಗಳಲ್ಲಿ ಪ್ಯಾಡಿನ ಮೇಲೊಂದು ಮಲ್ ಬಟ್ಟೆಯ ತುಂಡು ಹಾಸುತ್ತೇನೆ. ಹೊದಿಕೆಯನ್ನು ಮಾತ್ರ ಕುದಿಯುವ ನೀರಿಗೆ ಹಾಕಬಾರದು, ಇಸ್ತ್ರಿ ಮಾಡಬಾರದು, ಏಕೆಂದರೆ ಅದರ ಲೇಪ ಬಿಟ್ಟುಕೊಳ್ಳುತ್ತದೆ.

ಮಳೆಗಾಲ ಬಟ್ಟೆ ಡೈಪರ್‌ನ ನಿಜವಾದ ದೌರ್ಬಲ್ಯ. ಜುಲೈ ತಿಂಗಳಲ್ಲಿ ಸಾಗರದ ನನ್ನ ತವರಿನಲ್ಲಿ ದಪ್ಪನೆಯ ಹೆಂಪ್ ಪ್ಯಾಡ್ ಎರಡು ದಿನವಾದರೂ ಒಣಗುವುದಿಲ್ಲ. ಬಚ್ಚಲುಮನೆಯ ಹಂಡೆಯ ಒಲೆಯ ಮೇಲೆ ಕಟ್ಟಿದ ಗಳುವಿಗೆ ಹಾಕಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತದೆ. ಅಂಥ ದಿನಗಳಲ್ಲಿಯೂ ಪ್ರಯಾಣದಲ್ಲಿಯೂ ಯಾವ ಅಳುಕೂ ಇಲ್ಲದೆ ಎಕ್ಸ್‌ಎಲ್ ಪ್ಯಾಂಟ್ ಮಾದರಿಯನ್ನೇ ಬಳಸುತ್ತೇವೆ, ಮತ್ತು ನಾವು ಮಲಗುವ ಮೊದಲು, ಹನ್ನೊಂದು ಗಂಟೆಯ ಸುಮಾರಿಗೆ, ದೀಪ ಹಾಕದೆ ಒಮ್ಮೆ ಬದಲಾಯಿಸುತ್ತೇವೆ. ಪಕ್ಕದ ಹೊಲಿಗೆಯನ್ನು ಹರಿದು ತೆಗೆಯಬಹುದಾದ್ದರಿಂದ ಮಗು ಏಳುವುದಿಲ್ಲ. ಬಳಸಿದ್ದನ್ನು ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಬೇಕು. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಡೈಪರ್‌ಗಳನ್ನು ಸ್ಯಾನಿಟರಿ ತ್ಯಾಜ್ಯವೆಂದು ಪರಿಗಣಿಸಿವೆ, ಮತ್ತು ಅದನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರ ಬಗ್ಗೆ ನಮಗೆ ಕಾಳಜಿ ಇರಲೇಬೇಕು.

ಸೋರಿಕೆ ತಪ್ಪಿಸಲು ಮಗುವಿಗೆ ನೀರು ಕಡಿಮೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ದಿನದ ಒಟ್ಟು ಪ್ರಮಾಣವನ್ನು ಹಾಗೆಯೇ ಉಳಿಸಿ, ಮಲಗುವಾಗ ಕುಡಿಯುತ್ತಿದ್ದ ಹಾಲನ್ನು ರಾತ್ರಿಯೂಟಕ್ಕೆ ಮೊದಲು ಕೊಡತೊಡಗಿದೆವು, ಅಷ್ಟೇ. ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ವ್ಯಾಸೊಪ್ರೆಸಿನ್ ಹಾರ್ಮೋನಿನ ಲಯ ಈ ವಯಸ್ಸಿನಲ್ಲಿ ಇನ್ನೂ ಕುದುರಿರುವುದಿಲ್ಲ, ಐದು ವರ್ಷದವರೆಗೆ ರಾತ್ರಿ ಒದ್ದೆ ಮಾಡಿಕೊಳ್ಳುವುದನ್ನು ವೈದ್ಯಶಾಸ್ತ್ರ ಕಾಯಿಲೆಯಾಗಿ ನೋಡುವುದೂ ಇಲ್ಲ. ಆದರೆ ಮಗು ಹಠಾತ್ತಾಗಿ ವಿಪರೀತ ಬಾಯಾರಿಕೆಯಿಂದ ನೀರು ಕುಡಿಯತೊಡಗಿ, ಡೈಪರ್‌ಗಳು ಎಂದಿಗಿಂತ ಬೇಗ ತುಂಬಿ, ತೂಕವೂ ಇಳಿಯುತ್ತಿದ್ದರೆ, ಅಥವಾ ಜ್ವರದೊಂದಿಗೆ ಮೂತ್ರ ಮಾಡುವಾಗ ಅಳುತ್ತಿದ್ದರೆ, ಡೈಪರ್ ಬದಲಾಯಿಸುತ್ತ ಕೂರದೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಬಾಳಿಕೆಯ ವಿಷಯದಲ್ಲಿ ಹೇಳುವುದಾದರೆ, ಬಟ್ಟೆ ಡೈಪರ್‌ಗಳಲ್ಲಿ ಮೊದಲು ಸೋಲುವುದು ತೊಡೆಯ ಎಲಾಸ್ಟಿಕ್. ನಮ್ಮಲ್ಲಿರುವ ಹೊದಿಕೆಗಳ ಪೈಕಿ ಹೆಚ್ಚು ಬಳಸಿದವು ಈಗ ಸಡಿಲಾಗಿವೆ, ಒಂದರ ಲೇಪ ಒಳಗೆ ಗುಳ್ಳೆಯೆದ್ದಿದೆ. ಗುಂಡಿಗಳು ಗಟ್ಟಿಯಾಗಿವೆ, ಹೆಂಪ್ ಪ್ಯಾಡ್‌ಗಳು ಬಣ್ಣ ಮಾಸಿದ್ದರೂ ಮೊದಲಿಗಿಂತ ಚೆನ್ನಾಗಿ ಹೀರುತ್ತಿವೆ. ಕಡಿಮೆ ದರಕ್ಕೆ ಬಳಸಿದ ಡೈಪರ್ ಕೊಳ್ಳುವವರು ಪ್ಯಾಡ್‌ಗಳನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು, ಹೊದಿಕೆಗಳ ಎಲಾಸ್ಟಿಕ್ ಎಳೆದು ನೋಡದೆ ಕೊಳ್ಳಬಾರದು. ನನ್ನ ತಮ್ಮನ ಮಗಳಿಗೆ ಮುಂದಿನ ತಿಂಗಳು ಕಳುಹಿಸಲಿರುವ ಪೆಟ್ಟಿಗೆಯಲ್ಲಿ ನಮ್ಮ ಹಳೆಯ ಪ್ಯಾಡ್‌ಗಳೂ ಪಂಚೆಯ ತುಂಡುಗಳೂ ಇವೆ. ಹೊದಿಕೆಗಳನ್ನು ಮಾತ್ರ ಹೊಸದಾಗಿ ತರಿಸಿದ್ದೇನೆ.