ಡೀಸೆಲ್ ಜಲಾಂತರ್ಗಾಮಿಯೋ, ಅಣುಚಾಲಿತ ಜಲಾಂತರ್ಗಾಮಿಯೋ: ಸೇವೆ ಆರಿಸಿಕೊಳ್ಳುವವರಿಗೆ

ಜಲಾಂತರ್ಗಾಮಿ ಸೇವೆಗೆ ಸೇರಬಯಸುವವರು ಈ ಎರಡರ ನಡುವೆ ಆರಿಸುವಾಗ ಮೊದಲು ದಿನಚರಿಯನ್ನು ನೋಡಬೇಕು. ಡೀಸೆಲ್ ನೌಕೆಯಲ್ಲಿ ಅದನ್ನು ನಿರ್ಧರಿಸುವುದು ಬ್ಯಾಟರಿ: ಚಾರ್ಜ್ ಇಳಿದಂತೆ ನೌಕೆ ಮೇಲ್ಮೈ ಸಮೀಪಕ್ಕೆ ಬಂದು, ಹೊರಗಿನ ಗಾಳಿ ಎಳೆದುಕೊಳ್ಳುವ ಸ್ನಾರ್ಕೆಲ್ ಕೊಳವೆ ಚಾಚಿ, ಬ್ಯಾಟರಿ ತುಂಬಲು ಎಂಜಿನ್ ಓಡಿಸಬೇಕು, ಆ ಹೊತ್ತಿನಲ್ಲಿ ಅದು ಶತ್ರುವಿನ ರೇಡಾರ್‌ಗೂ ಸದ್ದು ಹಿಡಿದು ಪತ್ತೆಹಚ್ಚುವ ಸೋನಾರ್‌ಗೂ ಸುಲಭವಾಗಿ ಸಿಗುವುದರಿಂದ ಸಿಬ್ಬಂದಿ ಕಟ್ಟೆಚ್ಚರದಲ್ಲಿರಬೇಕಾಗುತ್ತದೆ. ಅಲೆಯೊಂದು ಅಪ್ಪಳಿಸಿ ಕೊಳವೆಯ ಕವಾಟ ಮುಚ್ಚಿಕೊಂಡರೆ ಎಂಜಿನ್ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಮಲಗಿದ್ದವರ ಕಿವಿಯೂ ಕಟ್ಟಿಕೊಳ್ಳುತ್ತದೆ.

ಅಣುಚಾಲಿತ ನೌಕೆಗೆ ಈ ಕಾಟವಿಲ್ಲ. ಸಮುದ್ರದ ನೀರಿನಿಂದಲೇ ಕುಡಿಯುವ ನೀರನ್ನೂ ಆಮ್ಲಜನಕವನ್ನೂ ತಯಾರಿಸಿಕೊಳ್ಳುವ ಅದರ ಗಸ್ತಿಗೆ ಮಿತಿ ಹಾಕುವುದು ಬಹುಮಟ್ಟಿಗೆ ಆಹಾರದ ದಾಸ್ತಾನು. ಅಮೆರಿಕದ ಓಹಿಯೋ ವರ್ಗದ ಕ್ಷಿಪಣಿ ನೌಕೆಗಳಲ್ಲಿ ಬ್ಲೂ ಮತ್ತು ಗೋಲ್ಡ್ ಎಂಬ ಎರಡು ತಂಡಗಳು ಸರದಿಯಂತೆ ದುಡಿಯುತ್ತವೆ. ನೌಕೆ ಸರಾಸರಿ 77 ದಿನ ಸಮುದ್ರದಲ್ಲಿದ್ದು, ನಂತರ 35 ದಿನ ನಿರ್ವಹಣೆಗಾಗಿ ಬಂದರಿನಲ್ಲಿ ನಿಲ್ಲುತ್ತದೆ. ಸಂಸಾರದ ಲೆಕ್ಕಾಚಾರ ಮುಖ್ಯವೆನ್ನುವವರಿಗೆ ಈ ಕ್ರಮ ನಿಜಕ್ಕೂ ಅನುಕೂಲ, ಆದರೆ ಗಸ್ತಿನಲ್ಲಿರುವಾಗ ಮನೆಯಿಂದ ಸಂದೇಶ ಬಂದರೂ ಉತ್ತರ ಕಳುಹಿಸುವಂತಿಲ್ಲ ಎಂಬ ನೋವನ್ನೂ ತೂಗಿ ನೋಡಬೇಕು.

ಬೆಂಕಿ ಮತ್ತು ನೀರು ನುಗ್ಗುವ ಸಂದರ್ಭದ ತಾಲೀಮು ಎರಡರಲ್ಲೂ ಕಡ್ಡಾಯ. ಆದರೂ ಸಾಮಾನ್ಯವಾಗಿ ತಂಡ ಚಿಕ್ಕದಾಗಿರುವ ಡೀಸೆಲ್ ನೌಕೆಯಲ್ಲಿ ಒಬ್ಬೊಬ್ಬರ ಮೇಲೂ ಹೆಚ್ಚಿನ ಹೊಣೆ ಬೀಳುವುದರಿಂದ, ಇಡೀ ನೌಕೆಯನ್ನು ಕೈಯಾರೆ ಅರಿಯುವ ಹಂಬಲವಿರುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ.