ಕೆಟ್ಟ ಆಸಿಲೋಸ್ಕೋಪ್ ಕೊಂಡು ಮೂರು ವರ್ಷ

ಮೂರು ವರ್ಷದ ಹಿಂದೆ ಒಂದು ಕೆಟ್ಟ ಆಸಿಲೋಸ್ಕೋಪ್ (ವಿದ್ಯುತ್ ಸಿಗ್ನಲ್ಲಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಯಂತ್ರ) ಕೊಂಡೆ. ಕೆಟ್ಟಿದೆ ಅಂತ ಗೊತ್ತಿದ್ದೇ ಕೊಂಡೆ. ಎರಡು ಚಾನೆಲ್, 100 ಮೆಗಾಹರ್ಟ್ಜ್, ಹಸಿರು ಗೆರೆ ಓಡುವ ಹಳೇ ಅನಲಾಗ್ ಯಂತ್ರ. ವಯಸ್ಸು ನಲವತ್ತರ ಆಸುಪಾಸು. ಹೊಸ ಸ್ಕೋಪ್‌ಗೆ ಕೊಡಬೇಕಾಗಿದ್ದ ದುಡ್ಡಿನ ಐದರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ. ಮಾರಿದವರು ಬರೆದಿದ್ದು ಒಂದೇ ಸಾಲು: ಆನ್ ಮಾಡಿದರೆ ಒಳಗಿಂದ ಟಿಕ್ ಟಿಕ್ ಅನ್ನುತ್ತದೆ, ಪರದೆ ಮೇಲೆ ಏನೂ ಬರುವುದಿಲ್ಲ.

ಆ ಸಾಲು ಓದಿಯೇ ನಾನು ಕೊಂಡಿದ್ದು. ಟಿಕ್ ಟಿಕ್ ಅಂದರೆ, ಒಳಗಿನ ಭಾಗಗಳಿಗೆ ಬೇಕಾದ ವೋಲ್ಟೇಜ್ ಮಾಡಿಕೊಡುವ ಸ್ವಿಚಿಂಗ್ ಪವರ್ ಸಪ್ಲೈಗೆ ಇನ್ನೂ ಜೀವ ಇದೆ. ಏಳಲು ನೋಡುತ್ತದೆ, ಮುಂದೆ ಎಲ್ಲೋ ಶಾರ್ಟ್ ಕಂಡು ಮತ್ತೆ ಮಲಗುತ್ತದೆ. ಹಳೇ ಸ್ಕೋಪ್‌ಗಳಲ್ಲಿ ಆ ಶಾರ್ಟ್ ಬಹಳ ಸಲ ಒಂದು ಟ್ಯಾಂಟಲಮ್ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ, ಇದು ಟ್ಯಾಂಟಲಮ್ ಲೋಹದ್ದು) ಆಗಿರುತ್ತದೆ. ಪಿಕ್ಚರ್ ಟ್ಯೂಬ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದು ಮಾತ್ರ ಜೂಜು. ಅದು ಹೋಗಿದ್ದರೆ ಮಾಡುವುದು ಏನೂ ಇಲ್ಲ, ಸಿಗುವುದೂ ಇಲ್ಲ.

ಬಂದ ದಿನವೇ ಪ್ಲಗ್ ಹಾಕಿ ನೋಡುವ ಆಸೆ ಇತ್ತು. ಹಾಕಲಿಲ್ಲ, ಒಳ್ಳೆಯದಾಯಿತು. ವೈರಿನ ಅರ್ತ್ ಪಿನ್ನನ್ನೇ ಯಾರೋ ಕಿತ್ತಿದ್ದರು. ಸ್ಕೋಪ್ ಪ್ರೋಬಿನ (ಅಳೆಯಲು ಸಿಕ್ಕಿಸುವ ವೈರಿನ) ಗ್ರೌಂಡ್ ಕ್ಲಿಪ್ ಒಳಗಡೆ ಅರ್ತ್‌ಗೆ ಸೇರಿರುತ್ತದೆ, ಅಲ್ವಾ. ಮೇನ್ಸ್ ಸರ್ಕ್ಯೂಟ್ ಅಳೆಯುವಾಗ ಆ ಕ್ಲಿಪ್ ಅಡ್ಡ ಬರುತ್ತದೆ ಅಂತ ಕೆಲವರು ಪಿನ್ ಕೀಳುತ್ತಾರೆ. ಆಮೇಲೆ ಕ್ಲಿಪ್ ಎಲ್ಲಿಗೆ ಸಿಕ್ಕಿಸಿದರೆ ಆ ವೋಲ್ಟೇಜ್ ಇಡೀ ಲೋಹದ ಕವಚಕ್ಕೆ ಬರುತ್ತದೆ. ಮೊದಲು ವೈರ್ ಬದಲಾಯಿಸಿದೆ. ಆಮೇಲೆ ಮೇನ್ಸ್ ಬರುವ ಜಾಗದಲ್ಲಿದ್ದ ಹಳದಿ ಬಣ್ಣದ ಕಾಗದದ ಕೆಪಾಸಿಟರ್ ತೆಗೆದೆ. ಅದರ ಮೈ ತುಂಬ ಸಣ್ಣ ಸಣ್ಣ ಬಿರುಕು. ಬಿರುಕಿನಿಂದ ತೇವ ಒಳಗೆ ಹೋಗಿ, ಒಂದು ದಿನ ಪಟ್ ಅಂತ ಸಿಡಿದು ಕೋಣೆ ತುಂಬ ಹೊಗೆ ಹಾಕುವ ಜಾತಿ ಅದು. ಆ ವಾಸನೆ ಒಂದು ಸಲ ಕುಡಿದವರು ಮರೆಯುವುದಿಲ್ಲ.

ಶಾರ್ಟ್ ಹುಡುಕಿದ ಕತೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಜಾ ಇರುವುದೇ ಅಲ್ಲಿ. ಮೇನ್ಸ್ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್ ಖಾಲಿಯಾಗಿದೆ ಅಂತ ಮೀಟರಿನಲ್ಲಿ ನೋಡಿಕೊಂಡು, ಒಂದೊಂದೇ ಸಪ್ಲೈ ಸಾಲನ್ನು ಗ್ರೌಂಡ್‌ಗೆ ಅಳೆದೆ. 15 ವೋಲ್ಟ್ ಸಾಲಿನಲ್ಲಿ ಅರ್ಧ ಓಮ್ ಕೂಡ ಇಲ್ಲ, ಅಂದರೆ ಶಾರ್ಟ್ ಇಲ್ಲೇ. ಆದರೆ ಆ ಸಾಲಿಗೆ ಅಂಟಿಕೊಂಡಿರುವ ಟ್ಯಾಂಟಲಮ್ ಒಂದಲ್ಲ, ಏಳು. ನೋಡಲು ಏಳೂ ಒಂದೇ ಥರ, ಬಟಾಣಿ ಕಾಳಿನ ಗಾತ್ರದ ಹನಿಗಳು. ಒಂದೊಂದೇ ಕಿತ್ತು ನೋಡಿದರೆ ಹಳೇ ಬೋರ್ಡಿನ ಟ್ರ್ಯಾಕ್ (ಕರೆಂಟ್ ಹರಿಯುವ ತಾಮ್ರದ ಗೆರೆ) ಎದ್ದು ಬರುತ್ತದೆ. ಅದಕ್ಕೇ ಬೇಕಾದ ವೋಲ್ಟೇಜ್ ಹೊರಗಿಂದ ಕೊಡುವ ಬೆಂಚ್ ಸಪ್ಲೈಯನ್ನು 1 ವೋಲ್ಟ್, 1 ಆಂಪಿಯರ್‌ಗೆ ಮಿತಿ ಹಾಕಿ ಆ ಸಾಲಿಗೆ ಕೊಟ್ಟೆ. ಮೀಟರಿನ ಕಪ್ಪು ವೈರ್ ಗ್ರೌಂಡ್‌ನಲ್ಲಿ ಒಂದೇ ಕಡೆ ಇಟ್ಟು, ಕೆಂಪು ವೈರನ್ನು ಟ್ರ್ಯಾಕ್ ಉದ್ದಕ್ಕೂ ನಡೆಸಿದೆ. 412 ಮಿಲಿವೋಲ್ಟ್, 405, 397, 388. ಅಂಕಿ ಇಳಿಯುತ್ತಿದೆ ಅಂದರೆ ಕರೆಂಟ್ ಆ ದಾರಿಯಲ್ಲೇ ಹರಿಯುತ್ತಿದೆ ಅಂತ ಅರ್ಥ. 388 ಆದ ಮೇಲೆ ಎಷ್ಟು ಮುಂದೆ ಹೋದರೂ ಅಂಕಿ ಅಲ್ಲಾಡಲಿಲ್ಲ. ಕರೆಂಟ್ ಅಲ್ಲಿದ್ದ ಕೆಪಾಸಿಟರಿನೊಳಗೇ ಇಳಿದು ಹೋಗುತ್ತಿದೆ. ಸರಿ, ಕಳ್ಳ ಸಿಕ್ಕಿದ. ಕಿತ್ತು ತೆಗೆದು ನೋಡಿದರೆ ಮೈಮೇಲೆ 16 ವೋಲ್ಟ್ ಅಂತ ಬರೆದಿದೆ. 15 ವೋಲ್ಟ್ ಸಾಲಿನಲ್ಲಿ 16 ವೋಲ್ಟಿನ ಟ್ಯಾಂಟಲಮ್! ಅರ್ಧ ವೋಲ್ಟೇಜಿನಲ್ಲಿ ಓಡಿಸಬೇಕಾದ ಮಾಲನ್ನು ಕುತ್ತಿಗೆವರೆಗೆ ಮುಳುಗಿಸಿ ಓಡಿಸಿದ್ದರು. ಏಳನ್ನೂ ತೆಗೆದು 35 ವೋಲ್ಟಿನವು ಹಾಕಿದೆ.

ಆನ್ ಮಾಡಿದೆ. ಫ್ಯಾನ್ ತಿರುಗಿತು. ಅರ್ಧ ನಿಮಿಷ ಕತ್ತಲು. ಆಮೇಲೆ ಪರದೆಯ ನಡುವೆ ಸಣ್ಣಗೆ, ಚೂಪಾಗಿ ಒಂದು ಹಸಿರು ಗೆರೆ. ಟ್ಯೂಬ್ ಹೊಸದರ ಹಾಗಿತ್ತು.

ಇನ್ನು ಬಳಕೆಯ ವಿಷಯ. ಮೂರು ವರ್ಷದಿಂದ ಹೆಚ್ಚುಕಡಿಮೆ ದಿನಾ ಓಡುತ್ತಿದೆ. 100 ಮೆಗಾಹರ್ಟ್ಜ್ ಸ್ಕೋಪಿನ ರೈಸ್ ಟೈಮ್ (ಗೆರೆ ಕೆಳಗಿಂದ ಮೇಲಕ್ಕೆ ಏರಲು ಹಿಡಿಯುವ ಹೊತ್ತು) ಲೆಕ್ಕಕ್ಕೆ 3.5 ನ್ಯಾನೋಸೆಕೆಂಡ್ ಬರಬೇಕು. ಒಂದು ವೇಗದ ಪಲ್ಸ್ ಕೊಟ್ಟು ನೋಡಿದಾಗ ಅದರ ಹತ್ತಿರಕ್ಕೇ ಬಂತು. ಗುಂಡಿ ತಿರುಗಿಸಿದ ತಕ್ಷಣ ಗೆರೆ ಬದಲಾಗುತ್ತದೆ, ಮೆನು ಹುಡುಕುವ ಗೋಳಿಲ್ಲ. ಸಿಗ್ನಲ್ ಅಪರೂಪಕ್ಕೆ ತಪ್ಪುದಾರಿ ಹಿಡಿದರೂ ಮಸುಕಾಗಿ ಕಾಣುತ್ತದೆ. ಕಾಣದೇ ಇರುವುದು ಒಂದೇ ಸಲ ಬಂದು ಹೋಗುವ ಪಲ್ಸ್. ಹಿಡಿದಿಟ್ಟುಕೊಳ್ಳಲು ಮೆಮರಿಯೇ ಇಲ್ಲ. ಮೈಕ್ರೋಕಂಟ್ರೋಲರ್ (ಪ್ರೋಗ್ರಾಮ್ ಓಡಿಸುವ ಸಣ್ಣ ಚಿಪ್) ಕೆಲಸವೇ ಜಾಸ್ತಿ ಇರುವವರು ಸುಮ್ನೆ ಹೊಸ ಡಿಜಿಟಲ್ ಸ್ಕೋಪ್ ತಗೊಳ್ಳಿ. ಭಾರ, ಫ್ಯಾನ್ ಸದ್ದು ಎರಡೂ ಇದೆ, ನನಗೆ ಅಭ್ಯಾಸವಾಗಿದೆ.

ರಿಪೇರಿ ಅಲ್ಲಿಗೇ ಮುಗಿಯಲಿಲ್ಲ. ಎರಡನೇ ವರ್ಷ ವೋಲ್ಟ್ಸ್ ಗುಂಡಿ 20 ಮಿಲಿವೋಲ್ಟ್‌ಗೆ ಬಂದಾಗ ಅಲೆ ಅರ್ಧಕ್ಕೆ ಕುಗ್ಗತೊಡಗಿತು, ಕುಟ್ಟಿದರೆ ಸರಿ ಹೋಗುತ್ತಿತ್ತು. ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರಿನ ಕಾಂಟ್ಯಾಕ್ಟ್ ಕೊಳೆ. ಇಲ್ಲಿ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳಬೇಡಿ. ಕಾಗದದ ಸಣ್ಣ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಕಾಂಟ್ಯಾಕ್ಟ್ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಸಾಕು. ಕಾಗದ ಕಪ್ಪಾಗಿ ಬಂತು, ಅಲೆ ಸರಿಯಾಯಿತು.

ಇದರ ಧೈರ್ಯದಲ್ಲಿ ಒಂದು ಬೆಂಚ್ ಮಲ್ಟಿಮೀಟರ್ ಕೂಡ ಕೊಂಡೆ. ಅದರ ಮೇಲೆ ಬರೆದಿದ್ದು "ಟೆಸ್ಟ್ ಮಾಡಿಲ್ಲ" ಅಂತ. ಈಗ ಆ ಎರಡು ಪದ ಕಂಡರೆ ಮುಂದಕ್ಕೆ ಹೋಗುತ್ತೇನೆ. ಮಾರುವವರ ಕೈಯಲ್ಲಿ ವೈರ್ ಇದೆ, ಗೋಡೆಯಲ್ಲಿ ಸಾಕೆಟ್ ಇದೆ, ಟೆಸ್ಟ್ ಮಾಡದೇ ಇರುತ್ತಾರಾ? ತೆರೆದರೆ ಫ್ಯೂಸ್ ಜಾಗದಲ್ಲಿ ತಾಮ್ರದ ತಂತಿ. ಎಲ್ಲೆಲ್ಲೂ ಹೊಸ ಬೆಸುಗೆ, ತೊಳೆಯದ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಅಂಟು). ಯಾರೋ ಮೆಮರಿ ಚಿಪ್ಪಿನ ಬ್ಯಾಟರಿಯನ್ನೂ ಕಿತ್ತು ಹೊಸದು ಹಾಕಿದ್ದರು, ಒಳಗಿದ್ದ ಕ್ಯಾಲಿಬ್ರೇಶನ್ ಅಂಕಿಗಳನ್ನು (ಅಳತೆ ಸರಿಯಾಗಿ ಬರಲು ಬೇಕಾದ ತಿದ್ದುಪಡಿಗಳನ್ನು) ಮೊದಲು ಕಾಪಿ ಮಾಡಿಕೊಳ್ಳದೆ. ಕಿತ್ತ ಕ್ಷಣಕ್ಕೇ ಅವು ಅಳಿಸಿ ಹೋಗಿವೆ. ಮೀಟರ್ ಆನ್ ಆಗುತ್ತದೆ, ಅಂಕಿ ತೋರಿಸುತ್ತದೆ, ಆ ಅಂಕಿಯನ್ನು ನಂಬುವ ಹಾಗಿಲ್ಲ. ಈಗ ಅದರ ಟ್ರಾನ್ಸ್‌ಫಾರ್ಮರ್ ಮಾತ್ರ ಬೇರೆ ಕಡೆ ಕೆಲಸ ಮಾಡುತ್ತಿದೆ. ತಾನಾಗಿ ಕೆಟ್ಟ ಯಂತ್ರ ವಾಸಿ. ಇನ್ನೊಬ್ಬರು ಅರ್ಧ ರಿಪೇರಿ ಮಾಡಿದ್ದು ಬೇಡವೇ ಬೇಡ. ಫೋಟೋದಲ್ಲಿ ಸ್ಕ್ರೂ ಕಾಣೆಯಾಗಿದ್ದರೆ ನಾನು ಮೊದಲು ಅದನ್ನೇ ಕೇಳುತ್ತೇನೆ.

ಸರ್ವಿಸ್ ಮ್ಯಾನುಯಲ್ ಸಿಗುತ್ತದೆಯೇ ಅಂತಲೂ ಕೊಳ್ಳುವ ಮುಂಚೆಯೇ ನೋಡಿ. 1970, 80ರ ದಶಕದ ಟೆಕ್ಟ್ರಾನಿಕ್ಸ್, ಹ್ಯೂಲೆಟ್-ಪ್ಯಾಕರ್ಡ್ ಮ್ಯಾನುಯಲ್‌ಗಳಲ್ಲಿ ಪೂರ್ತಿ ಸರ್ಕ್ಯೂಟ್ ಇರುತ್ತದೆ, ಎಲ್ಲಿ ಎಷ್ಟು ವೋಲ್ಟ್ ಬರಬೇಕು, ಅಲೆ ಹೇಗೆ ಕಾಣಬೇಕು ಅನ್ನುವುದೂ ಇರುತ್ತದೆ. ಇನ್ನೊಂದು: ಇಂಥ ಸ್ಕೋಪಿನ ಟ್ಯೂಬಿಗೆ ಹತ್ತು ಸಾವಿರ ವೋಲ್ಟ್ ದಾಟಿ ಹೋಗುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇದು ಮೊದಲ ರಿಪೇರಿ ಆದರೆ ಸ್ಕೋಪ್ ಬೇಡ, ಫಂಕ್ಷನ್ ಜನರೇಟರ್‌ನಿಂದ (ಬೇಕಾದ ಅಲೆ ಹುಟ್ಟಿಸುವ ಯಂತ್ರ) ಶುರು ಮಾಡಿ.

ನನಗೆ ಐದರಲ್ಲಿ ನಾಲ್ಕು ಅಂಕ ಕೊಡುವಷ್ಟು ತೃಪ್ತಿ ಇದೆ. ಕಳೆದ ವಾರದಿಂದ ಎರಡನೇ ಚಾನೆಲಿನ ಗೆರೆ ಬಿಸಿಯಾದ ಮೇಲೆ ನಿಧಾನವಾಗಿ ಮೇಲಕ್ಕೆ ತೆವಳುತ್ತಿದೆ. ಮ್ಯಾನುಯಲ್ ತೆಗೆದಿಟ್ಟಿದ್ದೇನೆ. ಕವಚಕ್ಕೆ ಸದ್ಯ ಎರಡೇ ಸ್ಕ್ರೂ ಹಾಕಿದ್ದೇನೆ.